ಮೇಲಿಂದ ನೋಡಿದರೆ ಎಲ್ಲಾ ಮೀನೂ ಒಂದೇ

ಈ ಬೇಸಿಗೆಯಲ್ಲಿ ನನ್ನ ಕೈಯಿಂದ ಒಂದು ಕಾನೂನುಬಾಹಿರ ಕೆಲಸ ನಡೆದುಹೋಯ್ತು. ಜಪಾನಿಗೆ ಬಂದು ನಾಲ್ಕು ವರ್ಷ ಆಯ್ತು. ಯಾವ ಕಸ ಯಾವ ವಾರ ಹೊರಗಿಡಬೇಕು ಅನ್ನೋದರಿಂದ ಹಿಡಿದು ರೈಲಲ್ಲಿ ಫೋನ್ ಎತ್ತಬಾರದು ಅನ್ನೋವರೆಗೆ ಎಲ್ಲಾ ರೂಲ್ಸೂ ಪಾಲಿಸಿಕೊಂಡು ಬಂದ ಸಂಭಾವಿತ ನಾನು. ಅಂಥವನು ಕೊನೆಗೆ ಸಿಕ್ಕಿಬಿದ್ದಿದ್ದು ಎರಡು ಇಂಚೂ ಇಲ್ಲದ ಎಂಟು ಮೀನುಗಳ ಕೈಯಲ್ಲಿ! :)

ಆಗಿದ್ದಿಷ್ಟು. ನಾನಿರೋದು ಕನಗಾವಾ ಪ್ರಾಂತ್ಯದಲ್ಲಿ. ನಮ್ಮದೇ ಅಪಾರ್ಟ್‌ಮೆಂಟಿನಲ್ಲಿ ದಾವಣಗೆರೆ ಕಡೆಯ ಒಂದು ಕುಟುಂಬ ಇದೆ. ಭಾನುವಾರದ ಅನ್ನ-ಸಾರಿಗೆ ನನಗೆ ಆ ಮನೆಯೇ ಗತಿ. ಅವರ ಮಗ ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸು. ಇಲ್ಲಿ ಐದನೇ ಕ್ಲಾಸಿನ ವಿಜ್ಞಾನದಲ್ಲಿ 'ಮೆದಕ' ಅನ್ನೋ ಪುಟ್ಟ ಮೀನಿನ ಪಾಠ ಇರುತ್ತೆ. ತರಗತಿಯಲ್ಲೇ ಮೀನು ಸಾಕಿ, ಅದು ಮೊಟ್ಟೆ ಇಡೋದು, ಮೊಟ್ಟೆಯೊಳಗೆ ಕಣ್ಣು ಮೂಡೋದು, ಹೃದಯ ಬಡಿಯೋದು ಎಲ್ಲಾ ಭೂತಗನ್ನಡಿಯಲ್ಲಿ ನೋಡಿ ನೋಟ್ಸಲ್ಲಿ ಚಿತ್ರ ಬರೀಬೇಕು. ನಮಗೆ ಐದನೇ ಕ್ಲಾಸಲ್ಲಿ ಕಪ್ಪೆಯ ಜೀವನಚಕ್ರ ಬಾಯಿಪಾಠ ಮಾಡಿಸಿದ್ದು ನೆನಪಾಗಿ ಹೊಟ್ಟೆಕಿಚ್ಚೇ ಆಯ್ತು.

"ಅಂಕಲ್, ಸ್ಕೂಲಲ್ಲಿರೋದು ಅಂಗಡಿ ಮೆದಕ, ಕಿತ್ತಳೆ ಬಣ್ಣದ್ದು. ನಂಗೆ ಗದ್ದೇಲಿರೋ ನಿಜವಾದ ಮೆದಕ ಬೇಕು" ಅಂದ ಹುಡುಗ. ಮೇ ತಿಂಗಳ ಮೊದಲ ವಾರ, ಸಾಲು ಸಾಲು ರಜೆ. ನೂರು ಯೆನ್ ಅಂಗಡಿಯಲ್ಲಿ ಒಂದು ಬಲೆ, ಒಂದು ಬಕೆಟ್ ತಗೊಂಡು ರೈಲು ಹತ್ತಿ, ಗದ್ದೆಗಳಿರುವ ಕಡೆ ಇಳಿದು, ಕಾಲುವೆ ಪಕ್ಕ ಕೂತೆವು. ಮಧ್ಯಾಹ್ನದ ಹೊತ್ತಿಗೆ ಬಕೆಟ್ಟಿನಲ್ಲಿ ಎಂಟು ಮೀನು. ಬೂದು ಬಣ್ಣ, ದೊಡ್ಡ ಕಣ್ಣು, ಚಪ್ಪಟೆ ತಲೆ, ನೀರಿನ ಮೇಲ್ಭಾಗದಲ್ಲೇ ಓಡಾಟ. ಪುಸ್ತಕದ ಚಿತ್ರಕ್ಕೂ ಬಕೆಟ್ಟಿಗೂ ಒಂದೆರಡು ಸಲ ನೋಡಿ ನಾನೇ ತೀರ್ಪು ಕೊಟ್ಟೆ: ಮೆದಕನೇ, ಡೌಟೇ ಇಲ್ಲ. ಇಂಜಿನಿಯರ್ ಅಲ್ವಾ, ಡೌಟ್ ಯಾಕೆ ಬರುತ್ತೆ!

ನಾಲ್ಕು ವಾರದ ಮೇಲೆ ಒಂದು ಬೆಳಿಗ್ಗೆ ಹುಡುಗನ ಫೋನು. "ಅಂಕಲ್, ಮೊಟ್ಟೆನೇ ಇಟ್ಟಿಲ್ಲ, ಸೀದಾ ಮರಿ ಹಾಕಿದೆ! ಇಪ್ಪತ್ತಕ್ಕಿಂತ ಜಾಸ್ತಿ ಇವೆ!" ಅವನಿಗೆ ಖುಷಿಯೋ ಖುಷಿ. ನನಗೆ ಮಾತ್ರ ಹೊಟ್ಟೆಯಲ್ಲಿ ಏನೋ ಒಂಥರಾ. ಯಾಕಂದ್ರೆ ಮೆದಕ ಮರಿ ಹಾಕಲ್ಲ. ಅದು ಬೆಳಗಿನ ಹೊತ್ತು ಮೊಟ್ಟೆಯ ಪುಟ್ಟ ಗೊಂಚಲನ್ನು ಹೊಟ್ಟೆಗೆ ತೂಗುಹಾಕಿಕೊಂಡು ಓಡಾಡಿ, ಆಮೇಲೆ ನೀರಿನ ಗಿಡಗಳಿಗೆ ಅಂಟಿಸುತ್ತೆ. ಪಾಠ ಶುರುವಾಗೋದೇ ಅಲ್ಲಿಂದ. ಸೀದಾ ಮರಿ ಹಾಕೋದು 'ಕದಯಾಶಿ'. 'ಕ' ಅಂದ್ರೆ ಸೊಳ್ಳೆ, 'ತಯಾಶಿ' ಅಂದ್ರೆ ವಂಶನಾಶ ಮಾಡೋದು. ನಮ್ಮ ಕಡೆ ಇದಕ್ಕೆ ಗ್ಯಾಂಬೂಸಿಯಾ ಅಂತಾರೆ, ಆರೋಗ್ಯ ಇಲಾಖೆಯವರು ಸೊಳ್ಳೆ ಕಾಟಕ್ಕೆ ಬಿಡ್ತಾರಲ್ಲ, ಅದೇ ಮೀನು.

ಅವತ್ತು ಸಂಜೆ ಒಂದೊಂದೇ ಮೀನನ್ನ ಪಾರದರ್ಶಕ ಪ್ಲಾಸ್ಟಿಕ್ ಲೋಟಕ್ಕೆ ಹಾಕಿ ಪಕ್ಕದಿಂದ ನೋಡಿದೆ. ಸ್ವಾಮಿ, ಎರಡು ನಿಮಿಷದ ಕೆಲಸ ಅದು. ಮೊದಲು ನೋಡಬೇಕಾದ್ದು ಹೊಟ್ಟೆಯ ಕೆಳಗೆ, ಬಾಲಕ್ಕಿಂತ ಮುಂಚೆ ಇರುವ ಈಜುರೆಕ್ಕೆ. ಮೆದಕಕ್ಕೆ ಆ ರೆಕ್ಕೆಯ ಬುಡ ಉದ್ದ, ಸೀರೆಯ ಅಂಚಿನ ಹಾಗೆ ಹೊಟ್ಟೆಯಿಂದ ಬಾಲದ ಹತ್ತಿರದವರೆಗೂ ಹರಡಿಕೊಂಡಿರುತ್ತೆ. ಕದಯಾಶಿಗೆ ಅದು ಗಿಡ್ಡ. ಗಂಡು ಕದಯಾಶಿಯಲ್ಲಂತೂ ಆ ರೆಕ್ಕೆ ಒಂದು ಕಡ್ಡಿಯ ಹಾಗೆ ಉದ್ದ ಆಗಿರುತ್ತೆ, ಹೆಣ್ಣನ್ನು ಕೂಡೋದಕ್ಕೆ. ಎರಡನೆಯದು ಬಾಲ: ಮೆದಕದ್ದು ಕತ್ತರಿಯಲ್ಲಿ ನೇರ ಕತ್ತರಿಸಿದ ಹಾಗೆ, ಕದಯಾಶಿಯದ್ದು ಬೀಸಣಿಗೆಯ ಹಾಗೆ ದುಂಡು. ಮೂರನೆಯದು ಬೆನ್ನಿನ ರೆಕ್ಕೆ: ಮೆದಕಕ್ಕೆ ಅದು ತೀರಾ ಹಿಂದೆ, ಬಾಲದ ಹತ್ತಿರ ಇರುತ್ತೆ, ಗಂಡಾದರೆ ಅದರಲ್ಲೊಂದು ಸೀಳು ಕೂಡ. ಇನ್ನು ಬಸುರಿ ಕದಯಾಶಿಗೆ ಹೊಟ್ಟೆಯ ಕೆಳಭಾಗದಲ್ಲಿ ಒಂದು ಕಪ್ಪು ಮಚ್ಚೆ ಕಾಣುತ್ತೆ.

ಎಂಟಕ್ಕೆ ಎಂಟೂ ಕದಯಾಶಿ. ಒಂದೇ ಒಂದು ಮೆದಕ ಇರಲಿಲ್ಲ.

ಇದರಲ್ಲಿ ನನಗೆ ತುಂಬಾ ಕಾಡಿದ್ದು ಏನು ಗೊತ್ತಾ? ಈ ವ್ಯತ್ಯಾಸಗಳು ಯಾವುದೂ ಮೇಲಿಂದ ಕಾಣಲ್ಲ. ಕಾಲುವೆ ದಂಡೆಯ ಮೇಲೆ ನಿಂತು ಬಗ್ಗಿ ನೋಡಿದರೆ ಎರಡಕ್ಕೂ ಅದೇ ಬೆನ್ನು, ಅದೇ ತಲೆ, ಅದೇ ಕಣ್ಣು. ಮೀನಿನ ಮಟ್ಟಕ್ಕೆ ಇಳಿದು ಪಕ್ಕದಿಂದ ನೋಡಿದರೆ ಮಾತ್ರ ಗೊತ್ತಾಗೋದು. ತಮಾಷೆ ಅಂದ್ರೆ ಇವೆರಡೂ ಹತ್ತಿರದ ನೆಂಟರೂ ಅಲ್ಲ. ಕದಯಾಶಿ ಅಮೆರಿಕದ ಕಡೆಯದು, ಅಕ್ವೇರಿಯಂನ ಗಪ್ಪಿಗೆ ದಾಯಾದಿ. ಮೆದಕದ ಬಳಗ ಇರೋದು ಸಮುದ್ರದ ಹಾರುವ ಮೀನು, ಸೂಜಿಮೂತಿಯ ಮೀನುಗಳ ಜೊತೆ. ಒಂದೇ ಥರದ ನೀರಲ್ಲಿ, ಒಂದೇ ಥರದ ಬದುಕು ಬಾಳಿ ಬಾಳಿ ರೂಪ ಒಂದೇ ಆಗಿದೆ ಅಷ್ಟೆ.

ಈಗ ಕಾನೂನಿನ ವಿಷಯ. ಜಪಾನಿನಲ್ಲಿ ಪರಕೀಯ ಜೀವಿಗಳ ಕಾನೂನು 2005ರ ಜೂನಿನಲ್ಲಿ ಜಾರಿಗೆ ಬಂತು. 2006ರ ಫೆಬ್ರವರಿಯಲ್ಲಿ ಕದಯಾಶಿ ಅದರ ಪಟ್ಟಿಗೆ ಸೇರಿತು. ಅನುಮತಿ ಇಲ್ಲದೆ ಸಾಕುವ ಹಾಗಿಲ್ಲ, ಜೀವಂತವಾಗಿ ಸಾಗಿಸುವ ಹಾಗಿಲ್ಲ, ಬೇರೆಯವರಿಗೆ ಕೊಡುವ ಹಾಗಿಲ್ಲ, ನೀರಿಗೆ ಬಿಡುವ ಹಾಗಂತೂ ಇಲ್ಲವೇ ಇಲ್ಲ. ಬಿಟ್ಟರೆ 3 ವರ್ಷದವರೆಗೆ ಜೈಲು ಅಥವಾ 30 ಲಕ್ಷ ಯೆನ್‌ವರೆಗೆ ದಂಡ. ಹಿಡಿದ ಜಾಗದಲ್ಲೇ ವಾಪಸ್ ಬಿಟ್ಟಿದ್ದರೆ ತಪ್ಪಿರಲಿಲ್ಲ. ಆದರೆ ನಾನು ಬಕೆಟ್ಟಲ್ಲಿ ಹಾಕಿಕೊಂಡು ರೈಲಿನಲ್ಲಿ ತಂದಿದ್ದೆ, ಒಂದು ತಿಂಗಳು ಸಾಕಿಸಿದ್ದೆ, ಮರಿಯೂ ಮಾಡಿಸಿದ್ದೆ!

ನಗರಸಭೆಯ ಪರಿಸರ ವಿಭಾಗಕ್ಕೆ ನನ್ನ ಹರಕು ಮುರುಕು ಜಪಾನೀಸಿನಲ್ಲಿ ಫೋನ್ ಮಾಡಿ ಎಲ್ಲಾ ಹೇಳಿಕೊಂಡೆ. ಆ ಹೆಂಗಸು ಬೈಯಲಿಲ್ಲ. ತಾಳ್ಮೆಯಿಂದ ಕೇಳಿಸಿಕೊಂಡು, ದಯವಿಟ್ಟು ಎಲ್ಲಿಗೂ ತಗೊಂಡು ಹೋಗಬೇಡಿ, ವಾಪಸ್ ಬಿಡಬೇಡಿ, ಮನೆಯಲ್ಲೇ... ಅಂತ ಅರ್ಧಕ್ಕೆ ನಿಲ್ಲಿಸಿದರು. ಜಪಾನೀಯರು ಅರ್ಧಕ್ಕೆ ನಿಲ್ಲಿಸಿದ ವಾಕ್ಯದ ಉಳಿದರ್ಧ ಅರ್ಥ ಆಗೋವಷ್ಟು ಇಲ್ಲಿ ಪಳಗಿದ್ದೇನೆ.

ಐಸ್ ತುಂಬಿದ ನೀರು ಬೇಗ ಕೆಲಸ ಮಾಡುತ್ತೆ. ಮೀನು ತಿನ್ನೋ ಮನೆಯಲ್ಲೇ ಬೆಳೆದವನು ನಾನು, ಆದರೂ ಕೈ ನಡುಗಿತು. ಮರಿಗಳು ರೆಪ್ಪೆಗೂದಲಿನಷ್ಟಿದ್ದವು. ಹುಡುಗ ರೂಮಿಂದ ಹೊರಗೆ ಬರಲಿಲ್ಲ. ಬಂದಾಗ ಕೇಳಿದ್ದು ಎರಡು ಪ್ರಶ್ನೆ. "ಅವು ಏನ್ ತಪ್ಪು ಮಾಡಿದ್ವು ಅಂಕಲ್?" ಅಂತ ಒಂದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು: "ಗೈರಾಯ್ ಅಂದ್ರೆ ಹೊರಗಿಂದ ಬಂದಿದ್ದು ಅಲ್ವಾ? ಕ್ಲಾಸಲ್ಲಿ ಒಬ್ಬ ನಂಗೂ ಹಾಗೇ ಅಂದ. ನಾವೂ ಗೈರಾಯ್ ತಾನೆ?"

ಅವರಮ್ಮ ಒಳಗೆ ಪಾತ್ರೆ ತೊಳೀತಿದ್ದವರು ನಲ್ಲಿ ನಿಲ್ಲಿಸಿದರು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಪರದೇಶದಲ್ಲಿರೋ ನಮ್ಮಂಥವರಿಗೆ ಈ ಪ್ರಶ್ನೆ ಎಲ್ಲಿಂದಲಾದರೂ ಬಂದೇ ಬರುತ್ತೆ, ಆದರೆ ಮೀನಿನ ಬಾಯಿಂದ ಬರುತ್ತೆ ಅಂದುಕೊಂಡಿರಲಿಲ್ಲ. ಆಮೇಲೆ ಯೋಚನೆ ಮಾಡಿ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದ್ದೇನೆ.

ಮೊದಲನೆಯದು, ಕದಯಾಶಿ ಇಲ್ಲಿಗೆ ತಾನಾಗಿ ಬಂದಿದ್ದಲ್ಲ. 1916ರಲ್ಲಿ ತೈವಾನ್ ಮೂಲಕ ಮನುಷ್ಯರೇ ತಂದಿದ್ದು, ಸೊಳ್ಳೆ ಕೊಲ್ಲಲಿ ಅಂತ. 1970ರ ದಶಕದಲ್ಲಿ ಮತ್ತೆ ಬೇರೆ ಬೇರೆ ಊರುಗಳಲ್ಲಿ ಉತ್ಸಾಹದಿಂದ ಬಿಟ್ಟರು. ಆದರೆ ಸೊಳ್ಳೆಮರಿಗಳನ್ನ ಮೆದಕವೂ ತಿನ್ನುತ್ತೆ! ಆ ಕೆಲಸಕ್ಕೆ ಮನೆಯಲ್ಲೇ ಆಳಿತ್ತು, ಯಾರೂ ಬಗ್ಗಿ ನೋಡಲಿಲ್ಲ. ಕದಯಾಶಿ ಮೆದಕದ ರೆಕ್ಕೆ ಕಚ್ಚುತ್ತೆ, ಮರಿ ತಿನ್ನುತ್ತೆ, ಹೌದು. ಹಾಗಂತ ಪೂರಾ ತಪ್ಪು ಅದರ ತಲೆಗೆ ಕಟ್ಟೋದು ಅನ್ಯಾಯ. ಗದ್ದೆಗಳ ಮಣ್ಣಿನ ಕಾಲುವೆಗಳನ್ನೆಲ್ಲ ಕಾಂಕ್ರೀಟ್ ಮಾಡಿದ್ದು ಮೀನಲ್ಲ. ಕಾಂಕ್ರೀಟಿನಲ್ಲಿ ಗಿಡ ಇಲ್ಲ, ಗಿಡ ಇಲ್ಲದೆ ಮೆದಕಕ್ಕೆ ಮೊಟ್ಟೆ ಅಂಟಿಸೋಕೆ ಜಾಗ ಇಲ್ಲ. ಕಾಲುವೆಗೂ ಗದ್ದೆಗೂ ಎತ್ತರದ ಅಂತರ ಬಂದು ಗದ್ದೆಗೆ ಹತ್ತೋ ದಾರಿಯೂ ಬಂದ್. ಮರಿ ಹಾಕೋ ಕದಯಾಶಿಗೆ ಗಿಡದ ಹಂಗೇ ಬೇಡ, ಗಲೀಜು ನೀರೂ ನಡೆಯುತ್ತೆ. ಮನೆಯವರನ್ನ ನಾವೇ ಎಬ್ಬಿಸಿ, ಖಾಲಿ ಮನೆಗೆ ಬಾಡಿಗೆಯವರನ್ನೂ ನಾವೇ ಕರೆತಂದು, ಆಮೇಲೆ ಬಾಡಿಗೆಯವರಿಗೆ ಕಳ್ಳರು ಅಂದ ಹಾಗೆ ಇದು. 1999ರಲ್ಲಿ ಮೆದಕ ಅಳಿವಿನಂಚಿನ ಪಟ್ಟಿಗೆ ಸೇರಿದಾಗ ಇಡೀ ಜಪಾನ್ ಬೆಚ್ಚಿತಂತೆ. ನಮ್ಮಲ್ಲಿ ನಾಳೆ ಗುಬ್ಬಚ್ಚಿ ಇಲ್ಲ ಅಂದರೆ ಹೇಗೋ ಹಾಗೆ.

ಎರಡನೆಯದು, ಹುಡುಗನ ಎರಡನೇ ಪ್ರಶ್ನೆಗೆ. ಕಾನೂನಿನ ಗೈರಾಯ್ ಅನ್ನೋ ಪದ ಮನುಷ್ಯರಿಗೆ ಬರೆದಿದ್ದಲ್ಲ. ನಾವು ವೀಸಾ ತಗೊಂಡು, ತೆರಿಗೆ ಕಟ್ಟಿ, ಭಾಷೆ ಕಲಿತು, ಬೇಕಾದಾಗ ಬಂದು ಬೇಡವಾದಾಗ ಹೋಗೋರು. ಅಕ್ಕಪಕ್ಕದವರ ಮಕ್ಕಳನ್ನ ತಿಂದು ಬದುಕ್ತಾ ಇಲ್ಲ :) ಆದರೆ ಪದಗಳು ಪುಸ್ತಕದಲ್ಲೇ ಕೂತಿರಲ್ಲ, ಶಾಲೆಯ ಅಂಗಳಕ್ಕೂ ಬರ್ತವೆ. ಇಲ್ಲಿ 2017ರಿಂದ ಟಿವಿಯಲ್ಲಿ ಕೆರೆಯ ನೀರನ್ನೆಲ್ಲ ಬಸಿದು ಒಳಗೆ ಏನಿದೆ ಅಂತ ತೋರಿಸೋ ಒಂದು ಜನಪ್ರಿಯ ಕಾರ್ಯಕ್ರಮ ಇದೆ. ಪರದೇಶಿ ಮೀನು, ಆಮೆ ಸಿಕ್ಕಾಗ ಅದನ್ನು ಕಂಡು ನಡೆಯೋ ಉದ್ಗಾರ ಕೇಳುವಾಗ, ಮುಂದೆ ಕೂತ ಮಕ್ಕಳ ತಲೆಯಲ್ಲಿ ಏನು ಕೂರುತ್ತೆ ಅಂತ ನನಗೆ ಅನುಮಾನ. ತಪ್ಪು ಬಂದವರದ್ದಲ್ಲ, ನೋಡದೆ ತಂದು ಸುರಿದವರದ್ದು ಅಂತ ಜೊತೆಗೊಂದು ಮಾತು ಸೇರಿಸೋದು ಕಷ್ಟವಾ? 'ಗೈರಾಯ್' ಅಂದ ಆ ಸಹಪಾಠಿಯ ಸಮಸ್ಯೆಯೂ, ಬಕೆಟ್ ಹಿಡಿದ ನನ್ನ ಸಮಸ್ಯೆಯೂ ಒಂದೇ ಅಂತ ನನಗನ್ನಿಸುತ್ತೆ. ಇಬ್ಬರೂ ಮೇಲಿಂದ ನೋಡಿದವರು.

ಸರಿ, ಇನ್ನು ಮುಂದೆ ನಿಜವಾದ ಮೆದಕ ಮಾತ್ರ ಅಂತ ಓದೋಕೆ ಕೂತರೆ ತಲೆ ಇನ್ನೂ ಕೆಟ್ಟಿತು. ಮೆದಕ ಅಂದ್ರೇನೇ ಒಂದಲ್ಲ, ಎರಡು! 1846ರಲ್ಲಿ ಯುರೋಪಿನ ವಿಜ್ಞಾನಿಗಳು ಹೆಸರಿಟ್ಟಾಗಿನಿಂದ ಒಂದೂವರೆ ಶತಮಾನ ಜಪಾನಿನ ಮೆದಕ ಎಲ್ಲಾ ಒಂದೇ ಜಾತಿ ಅಂದುಕೊಂಡಿದ್ದರು. 1980ರ ದಶಕದಿಂದ ಪ್ರೋಟೀನು, ಜೀನು ಅಂತ ನೋಡ್ತಾ ಹೋದಾಗ ಉತ್ತರದ್ದೇ ಬೇರೆ, ದಕ್ಷಿಣದ್ದೇ ಬೇರೆ ಅಂತ ಗೊತ್ತಾಯ್ತು. ಕೊನೆಗೆ 2011ರ ಹೊತ್ತಿಗೆ ಜಪಾನ್ ಸಮುದ್ರದ ಕಡೆ ಇರೋ ಉತ್ತರದ ಮೀನಿಗೆ, ಆ ಕೆಲಸ ಮಾಡಿದ ಸಕೈಜುಮಿಯವರ ಹೆಸರಲ್ಲಿ, ಒರೈಜಿಯಾಸ್ ಸಕೈಜುಮಿಯೈ ಅಂತ ಬೇರೆ ಹೆಸರೇ ಬಂತು. ದಕ್ಷಿಣದ್ದು ಹಳೆಯ ಹೆಸರಲ್ಲೇ ಉಳಿಯಿತು, ಒರೈಜಿಯಾಸ್ ಲ್ಯಾಟಿಪೆಸ್. (ಒರೈಜಾ ಅಂದ್ರೆ ಭತ್ತ. ಹೆಸರಲ್ಲೇ ಗದ್ದೆ ಇದೆ ನೋಡಿ!) ಹೊರಗಿನಿಂದ ಗುರುತು ಹಿಡಿಯೋಕೆ ಇರೋದು ಮೈಯ ಹಿಂಭಾಗದ ಕಪ್ಪು ಬಲೆಯಂಥ ಗೆರೆ, ಗಂಡಿನ ಬೆನ್ನು ರೆಕ್ಕೆಯ ಸೀಳು ಎಷ್ಟು ಆಳ ಅನ್ನೋದು. ಉತ್ತರದ್ದಕ್ಕೆ ಸೀಳು ಕಮ್ಮಿ, ದಕ್ಷಿಣದ್ದಕ್ಕೆ ಜಾಸ್ತಿ.

ಅಂಗಡಿಗೆ ಹೋದರೆ ಕಥೆ ಉಲ್ಟಾ. ಯೋಕಿಹಿ ಅಂತ ಕೆಂಪಗಿರೋದು, ಮಿಯುಕಿ ಅಂತ ಬೆನ್ನು ಬೆಳ್ಳಿಯ ಹಾಗೆ ಹೊಳೆಯೋದು, ಬಿಳಿ, ಕಪ್ಪು, ಗಿಡ್ಡ... ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಕಾಣೋ ಇವೆಲ್ಲಾ ಮೆದಕದ್ದೇ ತಳಿಗಳು. ಬೇರೆ ಬೇರೆ ಕಾಣೋದು ಒಂದೇ, ಒಂದೇ ಕಾಣೋದು ಬೇರೆ ಬೇರೆ. ಇದರಿಂದ ಇನ್ನೊಂದು ಎಡವಟ್ಟೂ ಆಗಿದೆ. ಮೆದಕ ಕಮ್ಮಿಯಾಗ್ತಿದೆ ಅಂತ ಮರುಗಿದ ಒಳ್ಳೆ ಮನಸ್ಸಿನ ಜನ ಅಂಗಡಿಯ ಕಿತ್ತಳೆ ಮೆದಕ ತಂದು ಹೊಳೆಗೆ ಬಿಟ್ಟರು. ಅವು ಅಲ್ಲಿಯ ಮೀನಿನ ಜೊತೆ ಬೆರೆತು, ಸಾವಿರಾರು ವರ್ಷಗಳಿಂದ ಆ ಹೊಳೆಗೇ ಒಗ್ಗಿದ್ದ ತಳಿ ಕಲಬೆರಕೆ ಆಯ್ತು. ಇಲ್ಲಿ ಪರದೇಶದ್ದು ಅನ್ನೋ ಮಾತೇ ಇಲ್ಲ. ಸ್ವದೇಶದ್ದನ್ನೂ ನೋಡದೆ ಬಿಟ್ಟರೆ ತಪ್ಪೇ.

ಅಂದ ಹಾಗೆ, ಮೆದಕಕ್ಕೆ ಜಪಾನಿನ ಆಡುಭಾಷೆಗಳಲ್ಲಿ ಐದು ಸಾವಿರದ ಹತ್ತಿರ ಹೆಸರುಗಳನ್ನ ಸಂಗ್ರಹಿಸಿದ್ದಾರಂತೆ! ಊರಿಗೊಂದು, ಕೇರಿಗೊಂದು ಹೆಸರು. ತಿನ್ನೋಕೂ ಹೆಚ್ಚು ಉಪಯೋಗ ಇಲ್ಲದ ಮೀನಿಗೆ ಅಷ್ಟು ಹೆಸರಿಟ್ಟವರು ಮಕ್ಕಳೇ ಇರಬೇಕು, ಕಾಲುವೆಯಲ್ಲಿ ಮೊಣಕಾಲುದ್ದ ಇಳಿದು ನೋಡಿದವರು. ಈಗ ಎರಡು ಮೀನಿಗೆ ಒಂದೇ ಹೆಸರು ಹೇಳಿ ಮನೆಗೆ ತರೋ ನಾನೆಲ್ಲಿ, ಅವರೆಲ್ಲಿ.

ಇಷ್ಟೆಲ್ಲಾ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ಜಪಾನ್ ಅಲ್ಲ, ಬಂಗಾರಪೇಟೆ.

ನನ್ನ ಅಜ್ಜಿಯ ಊರು ಕೋಲಾರ ಜಿಲ್ಲೆ ಬಂಗಾರಪೇಟೆ ತಾಲ್ಲೂಕಿನಲ್ಲಿ. ನಾನು ಮೂರನೇ ಕ್ಲಾಸಲ್ಲಿದ್ದಾಗ ಬೇಸಿಗೆ ರಜೆಯಲ್ಲಿ ಆರೋಗ್ಯ ಇಲಾಖೆಯವರೊಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಪುಟ್ಟ ಮೀನು ತಂದು ತೋಟದ ಬಾವಿಗೆ ಬಿಟ್ಟಿದ್ದು ನನಗೆ ಚೆನ್ನಾಗಿ ನೆನಪಿದೆ. "ನೀರು ಸೇದೋ ಬಾವಿಗೆ ಮೀನು ಬಿಡ್ತೀರಲ್ಲಪ್ಪ" ಅಂತ ಅಜ್ಜಿ ಗೊಣಗಿದ್ದಳು. "ಸೊಳ್ಳೆ ತಿಂತವೆ ಅಜ್ಜಿ, ಚಳಿಜ್ವರ ಬರಲ್ಲ" ಅಂದರು ಅವರು.

ಅವರು ಹೇಳಿದ್ದು ಸುಳ್ಳಲ್ಲ, ಇದನ್ನ ಒತ್ತಿ ಹೇಳಲೇಬೇಕು. ಅದೇ ತಾಲ್ಲೂಕಿನ ಕಾಮಸಮುದ್ರದ ಸುತ್ತಮುತ್ತ ಮಲೇರಿಯಾ ವಿಪರೀತ ಇತ್ತು. 1990ರ ದಶಕದ ಕೊನೆಗೆ ಬಾವಿಗಳಿಗೆ ಸೊಳ್ಳೆಮರಿ ತಿನ್ನೋ ಮೀನು ಬಿಟ್ಟ ಮೇಲೆ ಅಲ್ಲಿ ರೋಗ ಇಳಿಯಿತು. ಯಾಕೆ ಇಳಿಯಿತು ಅಂತ ಹುಡುಕಿದ ಸಂಶೋಧಕರಿಗೆ ಸಿಕ್ಕಿದ್ದು ಇನ್ನೊಂದು 'ಒಂದೇ ಥರ' ಕಥೆ! ಅಲ್ಲಿ ಮಲೇರಿಯಾ ಹರಡೋ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಸೊಳ್ಳೆ ನೋಡೋಕೆ ಒಂದೇ, ಆದರೆ ಅದರೊಳಗೆ ಎ, ಬಿ, ಸಿ ಅಂತ ಐದು ಜಾತಿ. ಹೊರಗಿನ ರೂಪದಲ್ಲಿ ಗುರುತಿಸೋಕೇ ಆಗಲ್ಲ, ಕ್ರೋಮೋಸೋಮ್ ನೋಡಬೇಕು. ರೋಗ ಹರಡೋದರಲ್ಲಿ 'ಎ' ಜೋರು, 'ಬಿ' ಮಂದ. ಈ ಹಳ್ಳಿಗಳಲ್ಲಿ 'ಎ' ಹೆಚ್ಚಾಗಿ ಮರಿ ಮಾಡೋದು ಬಾವಿಯಲ್ಲಿ, 'ಬಿ' ಹರಿಯೋ ಹಳ್ಳದಲ್ಲಿ. ಬಾವಿಗೆ ಬಿದ್ದ ಮೀನು ಸರಿಯಾದ ಶತ್ರುವನ್ನೇ ತಿಂದಿತ್ತು. ಅದರ ವಿವರ 2005ರಲ್ಲಿ ಪ್ರಕಟವಾಗಿದೆ. ಆದ್ದರಿಂದ ಪರದೇಶದ ಮೀನು ಬಿಟ್ಟಿದ್ದೇ ಮಹಾಪಾಪ ಅಂತ ನಾನು ಯೊಕೊಹಾಮಾದ ಏಸಿ ಆಫೀಸಿನಲ್ಲಿ ಕೂತು ಹೇಳಿದರೆ ಅಜ್ಜಿಯ ಚಳಿಜ್ವರಕ್ಕೆ ಅವಮಾನ.

ನನ್ನ ಕಥೆ ಬಾವಿಯಲ್ಲಿ ಮುಗಿಯಲ್ಲ. ಮಾರನೇ ದಿನ ನಾನು ಒಂದು ಚೊಂಬಿನಲ್ಲಿ ಹತ್ತಿಪ್ಪತ್ತು ಮೀನು ಹಿಡಿದು, ಪಾಪ ಕತ್ತಲೆ ಬಾವಿಯಲ್ಲಿ ಯಾಕಿರಬೇಕು ಅಂತ, ಊರ ಕೆರೆಗೆ ಬಿಟ್ಟೆ. ಬಿಟ್ಟು ಚಪ್ಪಾಳೆ ತಟ್ಟಿದ್ದೂ ನೆನಪಿದೆ. ಆ ಕೆರೆಯ ಅಂಚಿನಲ್ಲಿ ಆಗ ಇನ್ನೊಂದು ಪುಟ್ಟ ಮೀನಿತ್ತು. ತಲೆಯ ಮೇಲೆ ಬೆಳ್ಳಿ ಬೊಟ್ಟು ಇಟ್ಟ ಹಾಗೆ ಒಂದು ಚುಕ್ಕಿ, ನೀರು ಅಲುಗಿದರೆ ಚುಕ್ಕಿ ಮಿಂಚೋದು. ಅದರ ಕುಲದ ಹೆಸರು ಅಪ್ಲೋಕೀಲಸ್ ಅಂತ ನನಗೆ ಗೊತ್ತಾಗಿದ್ದು ಈ ತಿಂಗಳು. ನಮ್ಮದೇ ನೀರಿನ ಮೀನು, ನೀರಿನ ಮೇಲ್ಭಾಗದಲ್ಲೇ ಇದ್ದುಕೊಂಡು ಸೊಳ್ಳೆಮರಿಗಳನ್ನ ಚೆನ್ನಾಗಿ ತಿನ್ನುತ್ತೆ. ನಮ್ಮ ಮನೆಯಲ್ಲೂ ಆಳಿತ್ತು ಸ್ವಾಮಿ!

ಗ್ಯಾಂಬೂಸಿಯಾ ನಮ್ಮ ದೇಶಕ್ಕೆ 1928ರಲ್ಲಿ ಇಟಲಿ ಮೂಲಕ ಬಂದಿದ್ದು. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಜಪಾನಿನಲ್ಲಿ ಸಾಕಿದರೇ ಅಪರಾಧ, ನಮ್ಮಲ್ಲಿ ಸರ್ಕಾರವೇ ಹಂಚುತ್ತೆ. ಎರಡರಲ್ಲಿ ಯಾವುದು ಸರಿ ಅಂತ ಕೇಳಿದರೆ ನನ್ನ ಉತ್ತರ: ನೀರು ಯಾವುದು ಅನ್ನೋದರ ಮೇಲೆ. ನಾಲ್ಕು ಗೋಡೆಯ ಬಾವಿಗೆ, ನೀರಿನ ತೊಟ್ಟಿಗೆ ಬಿಡಲಿ. ಅಲ್ಲಿ ಮೀನೂ ಕೈದಿ, ಲಾಭವೂ ಖಚಿತ. ಕೆರೆ, ಕುಂಟೆ, ಹಳ್ಳ, ಗದ್ದೆಗೆ ಮಾತ್ರ ಬೇಡ. ಬಿಡೋ ಮುಂಚೆ ಅಲ್ಲಿ ಈಗಾಗಲೇ ಯಾರಿದ್ದಾರೆ ಅಂತ ಒಂದು ಲೋಟದಲ್ಲಿ ಹಿಡಿದು ಪಕ್ಕದಿಂದ ನೋಡಲಿ. ಕವರು ಕೊಡುವವರು ಜೊತೆಗೊಂದು ಚಿತ್ರವಿರೋ ಚೀಟಿ ಕೊಡಲಿ: ಇದು ಗ್ಯಾಂಬೂಸಿಯಾ, ಇದು ಗಪ್ಪಿ, ಇದು ನಮ್ಮ ಬೆಳ್ಳಿಚುಕ್ಕಿ, ಕೆರೆಗೆ ಬಿಡಬೇಡಿ ಅಂತ. ಅಂಥದೊಂದು ಚೀಟಿ ಇದ್ದಿದ್ದರೆ ಎಂಟು ವರ್ಷದ ನಾನು ಓದಿರುತ್ತಿದ್ದೆ. ಆ ವಯಸ್ಸಲ್ಲಿ ಬಸ್ಸಿನ ಟಿಕೆಟ್ಟೂ ಬಿಡದೆ ಓದೋನು ನಾನು.

ಆ ಕೆರೆಯಲ್ಲಿ ಈಗ ಬೆಳ್ಳಿಚುಕ್ಕಿ ಇದೆಯಾ? ಅಮ್ಮನಿಗೆ ಫೋನ್ ಮಾಡಿ ಕೇಳಿದೆ. "ಅಯ್ಯೋ, ಆ ಕೆರೆ ಎಷ್ಟು ವರ್ಷ ಒಣಗಿತ್ತೋ, ಈಗ ಬೆಂಗಳೂರಿನ ನೀರು ಬಿಟ್ಟವರೆ" ಅಂದಳು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರ್ತಿದೆಯಲ್ಲ, ಅದು. ಒಣಗಿದ್ದರಿಂದ ಹೋಯಿತೋ, ನನ್ನ ಚೊಂಬಿನಿಂದ ಹೋಯಿತೋ, ಇನ್ನೂ ಇದೆಯೋ, ಹೇಳೋರು ಯಾರೂ ಇಲ್ಲ. ಇತ್ತು ಅಂತ ಯಾರೂ ಬರೆದಿಡದೇ ಇದ್ದರೆ ಹೋಯ್ತು ಅಂತ ಅಳೋಕೂ ಆಗಲ್ಲ.

ಇದು ಬರೀ ಕೆರೆಯ ಮಾತಲ್ಲ, ಅಕ್ವೇರಿಯಂ ಇಡೋರಿಗೂ ಸೇರಿದ್ದು. ಹೊರದೇಶಗಳ ಅಂಗಡಿಗಳಲ್ಲಿ ನಮ್ಮ ಪಶ್ಚಿಮಘಟ್ಟದ ಒಂದು ಸುಂದರಿ ಸಿಗ್ತಾಳೆ. ಮೈ ಉದ್ದಕ್ಕೂ ಕಪ್ಪು ಗೆರೆ, ಅದರ ಮೇಲೊಂದು ಕೆಂಪು ಗೆರೆ. 'ಮಿಸ್ ಕೇರಳ' ಅಂತ ಹೆಸರು. ಇಲ್ಲಿ ಮೊದಲ ಸಲ ತೊಟ್ಟಿಯಲ್ಲಿ ನೋಡಿದಾಗ ಊರವರು ಸಿಕ್ಕಷ್ಟು ಖುಷಿಯಾಗಿತ್ತು. ಅದೂ ಒಂದಲ್ಲ, ಎರಡು. ಒಂದಕ್ಕೆ 1865ರಲ್ಲೇ ಹೆಸರಾಯ್ತು. ಚಾಲಕುಡಿ ಹೊಳೆಯದ್ದು ಬೇರೆ ಜಾತಿ ಅಂತ ಗೊತ್ತಾಗಿದ್ದು 1999ರಲ್ಲಿ. ಬೆನ್ನಿನ ರೆಕ್ಕೆಯ ಮೇಲೆ ಕಪ್ಪು ಮಚ್ಚೆ ಇದ್ದರೆ ಅದು ಚಾಲಕುಡಿಯದ್ದು. 2013ರಲ್ಲಿ ಇವೆರಡಕ್ಕೂ 'ಸಹ್ಯಾದ್ರಿಯಾ' ಅಂತ ಹೊಸ ಕುಲದ ಹೆಸರೂ ಬಂತು. ಎರಡೂ ಅಳಿವಿನಂಚಿನವು. ಒಂದೇ ಹೆಸರಲ್ಲಿ ಕವರು ಕಟ್ಟಿ ರಫ್ತು ಮಾಡಿದರೆ ಯಾವ ಹೊಳೆ ಖಾಲಿಯಾಗ್ತಿದೆ ಅಂತ ಲೆಕ್ಕವೇ ಸಿಗಲ್ಲ. ಕೊಳ್ಳೋ ಮುಂಚೆ ರೆಕ್ಕೆ ನೋಡಿ, ಸಾಕಿ ಬೆಳೆಸಿದ್ದಾ ಹೊಳೆಯಿಂದ ಹಿಡಿದಿದ್ದಾ ಕೇಳಿ. ಸಾಕು ಅನ್ನಿಸಿದಾಗ ಅಂಗಡಿಗೆ ವಾಪಸ್ ಕೊಡಿ, ಇನ್ನೊಬ್ಬರಿಗೆ ಕೊಡಿ. ಕೆರೆಗೆ ಮಾತ್ರ ಬೇಡ.

ಹುಡುಗನಿಗೆ ನಾನೊಂದು ಸಾಲ ಇಟ್ಟುಕೊಂಡಿದ್ದೆನಲ್ಲ. ಹೋದ ವಾರ ಅವನನ್ನ ಒದವರಾಗೆ ಕರಕೊಂಡು ಹೋಗಿದ್ದೆ. ಜಪಾನಿನ ಎಲ್ಲಾ ಮಕ್ಕಳಿಗೂ ಬರೋ 'ಮೆದಕ ಶಾಲೆ' ಹಾಡು ಹುಟ್ಟಿದ್ದು ಆ ಊರಿನ ಕಾಲುವೆ ಪಕ್ಕದಲ್ಲಿ. ಅಲ್ಲಿನ ನಗರಸಭೆಯವರದ್ದು ಒಂದು ಚೆಂದದ ಏರ್ಪಾಡಿದೆ, 'ಮೆದಕದ ಅಪ್ಪ ಅಮ್ಮ' ಅಂತ. ಹೆಸರು ನೋಂದಾಯಿಸಿದವರಿಗೆ ಆ ಹೊಳೆಯದ್ದೇ ಮೆದಕ ಕೊಡ್ತಾರೆ. ಸಾಕಬೇಕು, ಹೊರಗೆಲ್ಲೂ ಬಿಡಬಾರದು, ಬೇರೆಯದರ ಜೊತೆ ಬೆರೆಸಬಾರದು. ನಾವು ಬರೀ ನೋಡೋಕೆ ಹೋಗಿದ್ದು, ಬಕೆಟ್ ಒಯ್ದಿರಲಿಲ್ಲ. ಲೋಟ ಮಾತ್ರ ಒಯ್ದಿದ್ದೆವು.

ಕಾಲುವೆಯಲ್ಲಿ ಒಂದನ್ನ ಹಿಡಿದು ಲೋಟಕ್ಕೆ ಹಾಕಿ ಬಿಸಿಲಿಗೆ ಎತ್ತಿ ಹಿಡಿದ. ಹೊಟ್ಟೆಯ ಕೆಳಗೆ ಉದ್ದನೆಯ ರೆಕ್ಕೆ, ನೇರ ಬಾಲ. "ಮೆದಕ" ಅಂದ. ಮತ್ತೆ ನನ್ನ ಕಡೆ ತಿರುಗಿ, "ಅಂಕಲ್, ಬೆನ್ನು ರೆಕ್ಕೆ ಸೀಳಿಲ್ಲ, ಹೆಣ್ಣು" ಅಂತ ಸೇರಿಸಿ, ಹಿಡಿದಲ್ಲೇ ಬಗ್ಗಿ ಲೋಟ ವಾಲಿಸಿದ.

ನಿಮ್ಮೂರ ಕೆರೆಯಲ್ಲಿ ತಲೆ ಮೇಲೆ ಬೆಳ್ಳಿಚುಕ್ಕಿ ಇರೋ ಮೀನು ಈಗಲೂ ಇದೆಯಾ? ಅದಕ್ಕೆ ನಿಮ್ಮ ಕಡೆ ಏನಂತಾರೆ? ನಮ್ಮಜ್ಜಿಗೆ ಗೊತ್ತಿದ್ದಿರಬೇಕು, ಅವಳಿದ್ದಾಗ ನಾನು ಕೇಳಲಿಲ್ಲ. ನಿಮಗೆ ಗೊತ್ತಿದ್ದರೆ ದಯವಿಟ್ಟು ಹೇಳಿ.